ಉದೋಂ, ಬೋಲ್ಯೊ ಮತ್ತು ನಮ್ಮಜ್ಜಿ

ನಮ್ಮ ಸೊಸೆ ಕೆನಡಾದ ಕ್ವಿಬೆಕ್‌ನವಳು. ತವರಿನ ಅಡ್ಡಹೆಸರು ಬೋಲ್ಯೊ. ಮಗ, ಸೊಸೆ ಇಬ್ಬರೂ ಇಲ್ಲೇ ಪುಣೆಯ ಬಾಣೇರ್‌ನಲ್ಲಿದ್ದಾರೆ. ಮೊಮ್ಮಗಳು ಹುಟ್ಟಿದ ಮೇಲೆ ಅವಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯಲು ಕೂತೆ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಫ್ರೆಂಚ್ ಕೈಹಿಡಿಯಿತು.

ಬೋಲ್ಯೊ ಅಂತಷ್ಟೇ ಹುಡುಕಿದರೆ ಒಂದು ಕಡೆ ದಾರಿ ನಿಂತುಬಿಡುತ್ತದೆ. ಹಳೆಯ ಚರ್ಚ್ ದಾಖಲೆಗಳಲ್ಲಿ ಆ ಮನೆಯವರು 'ಉದೋಂ ದಿ ಬೋಲ್ಯೊ'. ಹೆಸರು ಉದೋಂ, ಕರೆಯುವುದು ಬೋಲ್ಯೊ. ಆ ಸೀಮೆ ಆಗ ಫ್ರಾನ್ಸಿನ ವಸಾಹತು, ನ್ಯೂ ಫ್ರಾನ್ಸ್. 1665ರಲ್ಲಿ ಕಾರಿನ್ಯಾಂ-ಸಾಲಿಯೇರ್ ಪಡೆಯ ಸುಮಾರು 1,200 ಸೈನಿಕರು ಅಲ್ಲಿಗೆ ಬಂದರು. ಸುಮಾರು 400 ಮಂದಿ ಅಲ್ಲೇ ನೆಲೆಸಿದರು. ಪಡೆಯಲ್ಲಿ ಒಬ್ಬೊಬ್ಬನಿಗೂ ಕರೆಯುವ ಹೆಸರೊಂದು ಇರುತ್ತಿತ್ತು. ಒಬ್ಬ ಹೂವಿನ ಹೆಸರಿನ ಲಾಫ್ಲರ್, ಇನ್ನೊಬ್ಬ ಚಿಂತೆಯಿಲ್ಲದ ಸಾಂಸೂಸಿ. ಆಂಜೂ ಸೀಮೆಯಿಂದ ಬಂದವ ಲಾಂಜ್ವೆಂ, ಪಿಕಾರ್ಡಿಯವ ಪಿಕಾರ್. ನಮ್ಮ ಧಾರವಾಡದ ಕಡೆ ನವಲಗುಂದ, ನರಗುಂದ, ಬೆಟಗೇರಿ ಅಂತ ಊರೇ ಅಡ್ಡಹೆಸರಾಗಿದೆ ಅಲ್ವಾ, ಹಾಗೆ.

ಮುಂದೆ ಒಂದೇ ಮನೆತನದ ಒಂದು ಕವಲು ಉದೋಂ ಆಗಿ ಉಳಿಯಿತು, ಇನ್ನೊಂದು ಬೋಲ್ಯೊ ಆಯಿತು. ಹಾಗಾಗಿ ಎರಡೂ ಹೆಸರು ಹಿಡಿದು ಹುಡುಕಬೇಕು. 19ನೇ ಶತಮಾನಕ್ಕೆ ಬಂದರೆ ಇನ್ನೊಂದು ತೊಡಕು. ನಾಮಕರಣದ ದಾಖಲೆಯಲ್ಲಿ ಹೆಚ್ಚುಕಡಿಮೆ ಎಲ್ಲ ಹುಡುಗರೂ ಜೋಸೆಫ್, ಹುಡುಗಿಯರೆಲ್ಲ ಮರೀ. ಮನೆಯಲ್ಲಿ ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ.

ಇಷ್ಟಾದರೂ ದಾರಿ ತಪ್ಪುವುದಿಲ್ಲ, ಹೆಣ್ಣುಮಕ್ಕಳ ಹೆಸರಿನಿಂದಾಗಿ. ಮದುವೆಯ ದಾಖಲೆಯಲ್ಲಿ ವಧು, ವರ ಇಬ್ಬರ ತಂದೆತಾಯಿಯ ಹೆಸರೂ ಇರುತ್ತದೆ, ತಾಯಿಯದು ಅವಳ ಹುಟ್ಟುಹೆಸರೇ. ಒಂದು ಮದುವೆಯಿಂದ ಅದರ ಹಿಂದಿನ ಮದುವೆಗೆ ಹೋಗುತ್ತಾ ಇರಬಹುದು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಿಂದ ಈ ದಾಖಲೆಗಳನ್ನು ಮನೆತನವಾಗಿ ಜೋಡಿಸಿಟ್ಟಿದ್ದಾರೆ. ಹಾಗೆ ಹೋಗಿ ಮುಟ್ಟಿದ್ದು 1676ಕ್ಕೆ. ಪಿಯೆರ್ ಉದೋಂ ಮದುವೆಯಾದ ಹುಡುಗಿ ಮರೀ ಗೊಬೇಯ್. ಮದುವೆಯಾದ ಮೇಲೂ ದಾಖಲೆಗಳಲ್ಲಿ ಅವಳು ಗೊಬೇಯ್. 1663ರಿಂದ 1673ರವರೆಗೆ ರಾಜ 14ನೇ ಲೂಯಿ ತನ್ನ ಖರ್ಚಿನಲ್ಲಿ ಅಲ್ಲಿಗೆ ಕಳಿಸಿದ ಸುಮಾರು 770 ಹೆಣ್ಣುಮಕ್ಕಳ ಕಥೆಯೂ ಹೀಗೇ. ಎಷ್ಟೋ ಜನ ತಂದೆ ಇಲ್ಲದ ಬಡ ಹುಡುಗಿಯರು. ಅವರ ಹೆಸರು ಇವತ್ತಿಗೂ ಸಿಗುತ್ತದೆ.

ಇದನ್ನು ಬರೆಯುವಾಗ ನನಗೆ ತುಂಬಾ ಸಂಕಟವಾಯಿತು. ನನ್ನಪ್ಪನ ತಾಯಿಯ ಹುಟ್ಟುಹೆಸರು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಸುತ್ತಿದ್ದರು. ಅಜ್ಜ ನಾರಾಯಣ, ಹಾಗಾಗಿ ಅಜ್ಜಿ ಲಕ್ಷ್ಮೀಬಾಯಿ. ಅಲ್ಲಿಗೆ ಹಳೆಯ ಹೆಸರು ಮುಗಿಯಿತು. ನಾಸಿಕದಲ್ಲಿ ನಮ್ಮ ತೀರ್ಥಪುರೋಹಿತರ ಹತ್ತಿರ ಮನೆತನದ ನಾಮಾವಳಿ ಇದೆ. ಕೆಂಪು ಬಟ್ಟೆ ಬಿಚ್ಚಿ ಉದ್ದನೆಯ ವಹಿ ತೆಗೆದರು. ಮುತ್ತಜ್ಜ ಮೋಡಿ ಲಿಪಿಯಲ್ಲಿ ಹಾಕಿದ ಸಹಿ, ಅವರ ಅಪ್ಪ, ಅಣ್ಣತಮ್ಮಂದಿರು, ಎಲ್ಲರೂ ಇದ್ದರು. ಹೆಂಡಂದಿರೂ ಇದ್ದರು, ಗಂಡನ ಮನೆಯ ಹೆಸರಿನಲ್ಲಿ ಮಾತ್ರ.

ಕೊನೆಗೆ ಗದಗಿನ ಸೋದರತ್ತೆಗೆ ಫೋನ್ ಮಾಡಿದೆ. ಒಂದಿಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, "ತುಂಗಾ ಅಂತ. ಲಕ್ಷ್ಮೇಶ್ವರದಿಂದ ಆಕೀ ಅಣ್ಣಾ ಬಂದಾಗಷ್ಟ ಹಂಗ ಕರೀತಿದ್ದ. ಬಾಕಿ ಯಾರೂ ಕರೀತಿದ್ದಿಲ್ಲ" ಅಂದರು.

ವಂಶವೃಕ್ಷದಲ್ಲಿ ಈಗ ತುಂಗಾ ಅಂತ ದೊಡ್ಡದಾಗಿ ಬರೆದು, ಕೆಳಗೆ ಲಕ್ಷ್ಮೀಬಾಯಿ ಅಂತ ಹಾಕಿದ್ದೇನೆ. ಅವರ ತಾಯಿಯ ಹೆಸರು ಇನ್ನೂ ಬೇಕು. ಆ ಅಣ್ಣನ ಮೊಮ್ಮಕ್ಕಳು ಲಕ್ಷ್ಮೇಶ್ವರದಲ್ಲೇ ಇದ್ದಾರಂತೆ. ದೀಪಾವಳಿ ಮುಗಿಸಿಕೊಂಡು ಅಲ್ಲಿಗೆ ಹೊರಡುತ್ತೇನೆ. ಸೊಸೆಯೂ ಬರುತ್ತೇನೆ ಅಂದಿದ್ದಾಳೆ.