ಬೊಲೆರೊ ಕೊನೆಗೂ ಪೂರ್ತಿ ಹೋಯಿತು

ಈ ಭಾನುವಾರ ನಮ್ಮ ರೇಡಿಯೋದಲ್ಲಿ ಫ್ರಾನ್ಸಿನ ರಾವೆಲ್ ಬರೆದ ಆರ್ಕೆಸ್ಟ್ರಾ ಕೃತಿ ‘ಬೊಲೆರೊ’ ಮೊದಲ ಡ್ರಮ್ ಪೆಟ್ಟಿನಿಂದ ಕೊನೆಯ ಅಬ್ಬರದವರೆಗೆ, ಹದಿನೈದು ನಿಮಿಷವೂ ಕಡಿಯದೆ ಪ್ರಸಾರವಾಯಿತು. ಇದು ಮೂರನೇ ಪ್ರಯತ್ನ. ಮುಗಿದಾಗ ಸ್ಟುಡಿಯೋದಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ನಮ್ಮದು ಅಮೆರಿಕದ ಸಣ್ಣ ಊರಿನ 100 ವಾಟ್ ಎಫ್‌ಎಂ ಕೇಂದ್ರ. ನಡೆಸುವವರೆಲ್ಲ ಸ್ವಯಂಸೇವಕರು. ಭಾನುವಾರ ಬೆಳಗ್ಗೆ ಎರಡು ಗಂಟೆ ನನ್ನದು: ಮೊದಲು ಕ್ಲಾಸಿಕಲ್, ಆಮೇಲೆ ಜಾಝ್. ಜಾಝ್ ಯಾವತ್ತೂ ಕಾಟ ಕೊಟ್ಟಿಲ್ಲ. ಆರ್ಟ್ ಬ್ಲೇಕಿ ಡ್ರಮ್ಸ್ ಮುಂದೆ ಕೂತರೆ, ಸದ್ದು ನಿಂತಿತೇ ಅಂತ ಕಾಯುವ ಸೈಲೆನ್ಸ್ ಸೆನ್ಸರ್‌ಗೆ ಅನುಮಾನವೇ ಬರುವುದಿಲ್ಲ!

ಬೊಲೆರೊಗೆ ಮಾತ್ರ ಬರುತ್ತಿತ್ತು. ಸದ್ದು ಮೈನಸ್ 40 ಡಿಬಿಗಿಂತ (ಡೆಸಿಬೆಲ್, ಸದ್ದಿನ ಅಳತೆ) ಕೆಳಗೆ 20 ಸೆಕೆಂಡ್ ಇದ್ದರೆ ನಮ್ಮ ಸೆನ್ಸರ್ ‘ಸ್ಟುಡಿಯೋದಲ್ಲಿ ಯಾರೂ ಇಲ್ಲ’ ಅಂದುಕೊಂಡು, ತುಂಬಿಟ್ಟ ಹಾಡು ಹಾಕುವ ಬ್ಯಾಕಪ್ ಕಂಪ್ಯೂಟರ್‌ಗೆ ಪ್ರಸಾರವನ್ನು ದಾಟಿಸುತ್ತದೆ. ಬೊಲೆರೊ ಶುರುವಾಗುವುದೇ ಪಿಸುಮಾತಿನಂಥ ಡ್ರಮ್ಮಿನಿಂದ. ಮೊದಲ ಸಲ ಕೊಳಲು ರಾಗ ಶುರು ಮಾಡಿತ್ತಷ್ಟೇ, ಬ್ಯಾಂಜೋ ಹಾಡು ನುಗ್ಗಿತು. ಮೈಸೂರಿನಲ್ಲಿ ಸ್ಟ್ರೀಮ್ ಕೇಳುತ್ತಿದ್ದ ಅಪ್ಪ ಫೋನ್ ಮಾಡಿ, “ಏನೋ ಇದು, ಇದೇನಾ ಫ್ರಾನ್ಸಿನ ಸಂಗೀತ?” ಅಂದರು.

ಆ ವಾರ ಹಳೆಯ ಎಲ್‌ಪಿ (ಸೂಜಿಯಿಂದ ನುಡಿಸುವ ರೆಕಾರ್ಡ್) ಹಾಕಿ ಪರೀಕ್ಷೆ ಮಾಡಿದೆ. ಸೆನ್ಸರ್ ತೆಪ್ಪಗಿತ್ತು! ಸರಿಹೋಯಿತು ಅಂದುಕೊಂಡು ಭಾನುವಾರ ಸಿಡಿ ಹಾಕಿದೆ. ಮತ್ತೆ ಬ್ಯಾಂಜೋ.

ಮೂರು ರಾತ್ರಿ ತಲೆ ಕೆಡಿಸಿಕೊಂಡೆ. ಉತ್ತರ ಆ ಎಲ್‌ಪಿಯಲ್ಲೇ ಇತ್ತು. ‘ಹೊಸದರ ಹಾಗೇ ಇದೆ’ ಅಂತ ಹೇಳಿ ಮಾರಿದ್ದರು. ಬಂದದ್ದು ತೆಳು ಕವರಿನಲ್ಲಿ, ಮೈತುಂಬಾ ಗೀರು. ಆ ಗೀರುಗಳ ಚಟಪಟ ಸದ್ದೇ ಸೆನ್ಸರಿನ ಎಣಿಕೆಯನ್ನು ಪ್ರತಿ ಸಲ ಸೊನ್ನೆಗೆ ತರುತ್ತಿತ್ತು. ಸಿಡಿಯಲ್ಲಿ ಅದಿಲ್ಲ, ಅಲ್ವಾ?

ಸೆನ್ಸರ್ ಆಫ್ ಮಾಡುವ ಹಾಗಿಲ್ಲ. ರಾತ್ರಿ ಯಾರೂ ಇಲ್ಲದಾಗ ಕೇಂದ್ರವನ್ನು ಕಾಯುವುದು ಅದೇ. ಮೊದಲು ಪ್ರಸಾರದ ಸದ್ದನ್ನು ಹದಗೊಳಿಸುವ ಪ್ರೊಸೆಸರ್‌ನಲ್ಲಿ ಕಂಪ್ರೆಷನ್ (ಮೆಲು-ಜೋರು ಸದ್ದಿನ ಅಂತರ ತಗ್ಗಿಸುವುದು) ಜಾಸ್ತಿ ಮಾಡಿದೆ. ಶುರುವೂ ಕೊನೆಯೂ ಒಂದೇ ಎತ್ತರಕ್ಕೆ ಬಂದವು. ಹಾಗೆ ಮಾಡಿದರೆ ಬೊಲೆರೊ ಉಳಿಯುವುದಿಲ್ಲ. ಮೆಲ್ಲಗೆ ಏರುವುದೇ ಅದರ ಜೀವ.

ಕೊನೆಗೆ ಸ್ಕೋರ್ (ಸ್ವರಲಿಪಿ) ತೆರೆದು ಕೂತೆ. ಒಂದೊಂದು ಸುತ್ತು ರಾಗ ಮುಗಿದಾಗಲೂ ಎರಡು ಬಾರ್ (ತಾಳದ ಆವರ್ತ) ಬರೀ ತಾಳ ಇರುತ್ತದೆ. ನನ್ನ ಕೈಗೆ ಬೇಕಾದ ಜಾಗ ಅದು. ಸದ್ದು ಏರಿಸಿ ಇಳಿಸುವ ಫೇಡರ್ ಅನ್ನು ಪ್ಲಸ್ 10 ಡಿಬಿಯಲ್ಲಿ ಇಟ್ಟು ಶುರು ಮಾಡಿದೆ. ಪ್ರತಿ ಎರಡು ಬಾರಿನಲ್ಲೂ ಒಂದೊಂದು ಡಿಬಿ ಇಳಿಸಿದೆ. ಹತ್ತು ಸುತ್ತಿಗೆ ಸೊನ್ನೆ. ವಾದ್ಯಗಳು ಏರುತ್ತಲೇ ಇರುವುದರಿಂದ ಕೈ ಇಳಿದದ್ದು ಕಿವಿಗೆ ಗೊತ್ತಾಗಲಿಲ್ಲ. ಆಮೇಲೆ ರೆಕಾರ್ಡಿಂಗ್ ಅನ್ನು ಓಡುವ ಕಾರಿನಲ್ಲೂ ಕೇಳಿ ನೋಡಿದೆ. ಟೈರಿನ ಸದ್ದಿನ ಮೇಲೆ ಮೊದಲ ಕೊಳಲು ಸ್ಪಷ್ಟವಾಗಿ ಕೇಳಿಸಿತು.

ಮುಂದಿನ ಕಾರ್ಯಕ್ರಮಕ್ಕೆ ಈಗ ತಲೆಯಲ್ಲಿರುವುದು ಮೈಸೂರು. ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೊವನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾದ ಕೃತಿ) ಮಹಾರಾಜರಿಗೇ ಅರ್ಪಿಸಿದರು. ಅದನ್ನು ಪೂರ್ತಿ ಹಾಕಬೇಕು. ಜಾಝ್ ಗಂಟೆಗೆ ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ 1983ರ ‘ಜ್ಯೋತಿ’. ಅದರಲ್ಲಿ ಹಾಡಿರುವ ರಾಮಮಣಿಯವರ ದನಿಯ ಪಕ್ಕದಲ್ಲಿ ಆ ಸ್ಯಾಕ್ಸ್ ಕೇಳಿ, ಗೊತ್ತಾಗುತ್ತದೆ.

ಅಪ್ಪನಿಗೆ ಹೇಳಿದೆ. ಅಕ್ಕಪಕ್ಕದವರನ್ನೂ ಕೂರಿಸಿಕೊಂಡು ಕೇಳುತ್ತಾರಂತೆ. ಮೆಟ್ನರ್ ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ರೆಕಾರ್ಡಿಂಗ್, ಸರಸರ ಸದ್ದು ಇದ್ದೇ ಇರುತ್ತದೆ. ಸೆನ್ಸರ್ ಚಿಂತೆ ಇಲ್ಲ. ಆದರೆ ಗಂಟೆಗೊಮ್ಮೆ ಕೇಂದ್ರದ ಹೆಸರು ಹೇಳಲೇಬೇಕು. ಅದಕ್ಕೆ ಎಲ್ಲಿ ನಿಲ್ಲಿಸುವುದು ಅಂತ ಈ ವಾರ ಹುಡುಕುತ್ತೇನೆ.