ಥೆರಪಿಸ್ಟ್‌ಗೆ ಮೊದಲ ಫೋನ್: ನಾಚಿಕೊಳ್ಳದೆ ಕೇಳಿಬಿಡಿ

ಮನಸ್ಸಿನ ತೊಂದರೆಗೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಥೆರಪಿಸ್ಟ್‌ಗೆ ಮೊದಲ ಸಲ ಫೋನ್ ಮಾಡುವಾಗ ನಮ್ಮವರು ಮಠದ ಸ್ವಾಮಿಗಳ ಎದುರು ನಿಂತ ಹಾಗೆ ಮಾತಾಡುತ್ತಾರೆ. ಫೀಸು ಎಷ್ಟು ಅಂತ ಕೇಳುವುದಕ್ಕೂ ಸಂಕೋಚ. ನಾನು ಹೋಟೆಲುಗಳ ಲೆಕ್ಕ ಬರೆಯುವವಳು, ನನಗೆ ಆ ಸಂಕೋಚ ಇಲ್ಲ.

ಡೊಂಬಿವಲಿಯಿಂದ ಮಾಟುಂಗಾಕ್ಕೆ ದಿನವೂ ಮುಂಬೈ ಲೋಕಲ್ ರೈಲು. ಕಳೆದ ವರ್ಷ ಘಾಟ್‌ಕೋಪರ್ ಬರುವಷ್ಟರಲ್ಲಿ ಎದೆ ಡವಡವ, ಕೈ ತಣ್ಣಗೆ, ಇಳಿದು ಓಡೋಣ ಅನ್ನಿಸುವುದು ಶುರುವಾಯಿತು. ಇಸಿಜಿ ಸರಿ ಇತ್ತು, ಥೈರಾಯ್ಡ್ ಸರಿ ಇತ್ತು. ಕಡೆಗೆ ನಮ್ಮ ಫ್ಯಾಮಿಲಿ ಡಾಕ್ಟರೇ ಥೆರಪಿಗೆ ಹೋಗು ಅಂದರು. ನಾನು ಹೋಗುತ್ತಿರುವುದು ಗೊತ್ತಾದ ಮೇಲೆ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಿಂದ ಪಕ್ಕಕ್ಕೆ ಕರೆದು ಕೇಳುವವರು ಜಾಸ್ತಿಯಾದರು. "ಅಕ್ಕ, ಎಷ್ಟು ತಗೊಳ್ತಾರೆ? ಮಾತ್ರೆ ಕೊಡ್ತಾರಾ?" ಒಬ್ಬೊಬ್ಬರಿಗೂ ಪಿಸುಗುಟ್ಟುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಅವರು ಎಂಬಿಬಿಎಸ್ ಮುಗಿಸಿ, ಮೇಲೆ ಎಂಡಿಯಂಥದ್ದು ಓದಿದ ಡಾಕ್ಟರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಬೇಕಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಬೇಕು. ಆ ಸಂಖ್ಯೆ ಕೇಳಿ, ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ನೋಡಬಹುದು. ಗೊಂದಲ ಇರುವುದು ಮೂರನೆಯ ಗುಂಪಿನಲ್ಲಿ. ಎಂಎ, ಎಂಎಸ್ಸಿ ಸೈಕಾಲಜಿ ಮಾಡಿ ಕೌನ್ಸೆಲಿಂಗ್ ಮಾಡುವ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ. ನಾನು ಹೋಗುವುದೂ ಅಂಥವರ ಹತ್ತಿರವೇ. ಆದರೆ ನಾಲ್ಕು ದಿನದ ಆನ್‌ಲೈನ್ ಕೋರ್ಸ್ ಮಾಡಿ ಬೋರ್ಡು ಹಾಕಿದವರೂ ಕೌನ್ಸೆಲರ್, ಥೆರಪಿಸ್ಟ್ ಅನ್ನುವ ಅದೇ ಹೆಸರು ಇಟ್ಟುಕೊಳ್ಳುತ್ತಾರೆ. 2021ರಲ್ಲಿ ಇವರನ್ನೆಲ್ಲ ನೋಂದಣಿಗೆ ತರುವ ಕಾಯ್ದೆ ಬಂದಿದೆ. ಹಾಗಂತ ಕಾಯ್ದೆ ನೋಡಿಕೊಳ್ಳುತ್ತದೆ ಅಂತ ಕೂರಬೇಡಿ. ಎಲ್ಲಿ ಓದಿದಿರಿ, ಎಷ್ಟು ವರ್ಷದ ಅನುಭವ, ನಿಮ್ಮ ಕೇಸುಗಳನ್ನು ನೋಡಿ ತಿದ್ದುವ ಸೂಪರ್‌ವೈಸರ್ ಇದ್ದಾರಾ ಅಂತ ನೇರವಾಗಿ ಕೇಳಿ. ಇಷ್ಟಕ್ಕೇ ಸಿಟ್ಟಾಗುವವರ ಹತ್ತಿರ ಹೋಗುವುದೇ ಬೇಡ.

ಇನ್ನು ದುಡ್ಡು. ನಾನು ವಿಚಾರಿಸಿದ ಕಡೆಯಲ್ಲೆಲ್ಲ ಒಂದು ಸೆಷನ್‌ಗೆ 1,500ರಿಂದ 3,000 ರೂಪಾಯಿ ಹೇಳಿದರು. ಸೆಷನ್ ಅಂದರೆ ಗಂಟೆ ಅಂದುಕೊಳ್ಳಬೇಡಿ, ಹಲವರದ್ದು 50 ನಿಮಿಷ. ವಾರಕ್ಕೊಮ್ಮೆ ಹೋದರೆ ತಿಂಗಳಿಗೆ ಎಷ್ಟಾಯಿತು ಅಂತ ಮೊದಲೇ ಲೆಕ್ಕ ಹಾಕಿ. ಕೆಲವರು ಆದಾಯ ನೋಡಿ ಕಡಿಮೆ ಫೀಸಿನ ಒಂದೆರಡು ಜಾಗ ಇಟ್ಟುಕೊಂಡಿರುತ್ತಾರೆ, ತಾವಾಗಿ ಹೇಳುವುದಿಲ್ಲ ಅಷ್ಟೆ. ಕೇಳಿದರೆ ಹೇಳುತ್ತಾರೆ. ಹತ್ತು ಸೆಷನ್ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರೆ ಮಾತ್ರ ಬೇಡ ಅನ್ನಿ. ಅವರ ಜೊತೆ ಕೂತು ಮಾತಾಡುವ ಮೊದಲೇ ಹತ್ತರ ದುಡ್ಡು ಯಾಕೆ ಕೊಡಬೇಕು?

ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ನಮ್ಮ ನಿಮ್ಮ ಪಾಲಿಸಿಗಳು ಬಹುಪಾಲು ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುವಂಥವು. ವಾರದ ಸೆಷನ್‌ಗೆ ಓಪಿಡಿ ಕವರ್, ಅಂದರೆ ಆಸ್ಪತ್ರೆಗೆ ಸೇರದೆ ತೋರಿಸಿಕೊಂಡು ಬರುವ ಖರ್ಚಿಗೂ ಕೊಡುವ ವಿಮೆ, ಇರಬೇಕು. ಕಂಪನಿಯಲ್ಲಿದ್ದರೆ ಎಚ್‌ಆರ್‌ನವರನ್ನು ಕೇಳಿ, ಕೆಲವು ಕಂಪನಿಗಳು ಒಂದಷ್ಟು ಸೆಷನ್ ಉಚಿತವಾಗಿ ಕೊಡಿಸುತ್ತವೆ. ಕೈಯಲ್ಲಿ ದುಡ್ಡೇ ಇಲ್ಲ ಅಂದರೆ ಪರೇಲ್‌ನ ಕೆಇಎಂ, ಸಾಯನ್ ಥರದ ಪಾಲಿಕೆ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿ ಓಪಿಡಿ ಇದೆ. ಕ್ಯೂ ಉದ್ದ, ಖರ್ಚು ಕಡಿಮೆ.

ಕ್ಯಾನ್ಸಲ್ ಮಾಡುವ ನಿಯಮ ಬಹಳ ಮುಖ್ಯ. 24 ಗಂಟೆ ಮೊದಲು ಹೇಳದಿದ್ದರೆ ಪೂರ್ತಿ ಫೀಸು ಅನ್ನುವವರೇ ಜಾಸ್ತಿ. ಅದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ, ನಮ್ಮ ಹೊತ್ತನ್ನು ಅವರು ಬೇರೆಯವರಿಗೆ ಕೊಡಲಾಗುವುದಿಲ್ಲ ಅಲ್ವಾ. ಆದರೆ ನಾನು ಫೋನ್‌ನಲ್ಲೇ ಕೇಳಿದೆ, "ಮಳೆಗೆ ಸೆಂಟ್ರಲ್ ಲೈನ್ ರೈಲು ನಿಂತರೆ?" ಈಗಿನ ನನ್ನ ಥೆರಪಿಸ್ಟ್ ನಕ್ಕರು. "ನೀವು ಕುರ್ಲಾದಲ್ಲಿ ಸಿಕ್ಕಿಕೊಂಡರೆ ಫೋನ್‌ನಲ್ಲಿ ಮಾಡೋಣ" ಅಂದರು. ಜುಲೈನಲ್ಲಿ ಅದು ಉಪಯೋಗಕ್ಕೂ ಬಂತು.

ಪ್ರೈವೇಟ್ ಪ್ರಾಕ್ಟೀಸ್ ಅಂದರೆ ಆಸ್ಪತ್ರೆಯ ಕಟ್ಟಡ, ಕೌಂಟರು ಇರುತ್ತದೆ ಅಂದುಕೊಂಡಿರಬಹುದು. ನಾನು ಹೋಗುವುದು ಮುಲುಂಡ್‌ನ ಒಂದು ಹೌಸಿಂಗ್ ಸೊಸೈಟಿಗೆ. ಬೋರ್ಡಿಲ್ಲ. ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಮುಂದಿಟ್ಟು ಹೆಸರು, ಫ್ಲಾಟ್ ನಂಬರ್, ಬಂದ ಕಾರಣ ಎಲ್ಲ ಬರೆಸುತ್ತಾನೆ. ಕಾರಣದ ಜಾಗದಲ್ಲಿ ಏನು ಬರೆಯುವುದು? ನಾನು "ಪರ್ಸನಲ್" ಅಂತ ಬರೆಯುತ್ತೇನೆ. ನನಗಿಂತ ಮೇಲಿನ ಸಾಲಿನಲ್ಲಿ ಯಾರೋ "ಟ್ಯೂಷನ್" ಅಂತ ಬರೆದಿದ್ದರು!

ಆನ್‌ಲೈನ್ ಸುಲಭ ಅಂತೀರಾ? ಬೆಂಗಳೂರಿನ ಕನ್ನಡದ ಥೆರಪಿಸ್ಟ್ ಮುಂಬೈಯಲ್ಲೇ ಕೂತು ಸಿಗುತ್ತಾರೆ, ಅದು ನಿಜವಾಗಿ ದೊಡ್ಡ ಅನುಕೂಲ. ಆದರೆ ಒಂದೇ ಬೆಡ್‌ರೂಮಿನ ಮನೆಯಲ್ಲಿ ಎಲ್ಲಿ ಕೂತು ಮಾತಾಡುವುದು? ಹಾಲ್‌ನಲ್ಲಿ ಅತ್ತೆ. ಹಿಂದಿಯಲ್ಲಿ ಮಾತಾಡೋಣ ಅಂದರೆ ಸೀರಿಯಲ್ ನೋಡಿ ನೋಡಿ ಅವರ ಹಿಂದಿ ನನಗಿಂತ ಚೆನ್ನಾಗಿದೆ. ನನ್ನ ಗೆಳತಿಯೊಬ್ಬಳು ಸೊಸೈಟಿಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಗಾಜು ಏರಿಸಿಕೊಂಡು ಕೂರುತ್ತಾಳೆ. ಸೆಷನ್‌ನಲ್ಲಿ ನನ್ನ ಮಾತು ಹಿಂದಿ, ಇಂಗ್ಲಿಷ್ ಬೆರಕೆ. ಅಪ್ಪನ ವಿಷಯ ಬಂದರೆ ಮಾತ್ರ ಕುಂದಾಪುರದ ಮಾತೇ ಬರುತ್ತದೆ. ಥೆರಪಿಸ್ಟ್ ತಡೆಯುವುದಿಲ್ಲ. ಪೂರ್ತಿ ಹೇಳಿ ಮುಗಿಸಿದ ಮೇಲೆ "ಈಗ ನನಗೂ ಸ್ವಲ್ಪ ಹೇಳಿ" ಅನ್ನುತ್ತಾರೆ.

ಗುಟ್ಟಿನ ವಿಷಯ. ಮುಂಬೈ ಇಷ್ಟು ದೊಡ್ಡದು, ಮುಂಬೈ ಕನ್ನಡಿಗರ ಲೋಕ ಮಾತ್ರ ಬಹಳ ಸಣ್ಣದು. ಅದಕ್ಕೇ ಪರಿಚಯದವರ ಮಗಳು ಥೆರಪಿಸ್ಟ್ ಅಂತ ಅಲ್ಲಿಗೇ ಹೋಗಬೇಡಿ. ಸರಿಯಾದವರು ನೆಂಟರನ್ನೂ ಸ್ನೇಹಿತರನ್ನೂ ತೆಗೆದುಕೊಳ್ಳುವುದೂ ಇಲ್ಲ. ಹೊರಗೆ ಎದುರಾದರೆ ಏನು ಮಾಡುತ್ತೀರಿ ಅಂತ ಕೇಳಿ. ನಾವಾಗಿ ಮಾತಾಡಿಸದಿದ್ದರೆ ಅವರು ಗುರುತು ತೋರಿಸುವುದಿಲ್ಲ, ಅದು ಅವರ ವೃತ್ತಿಯ ರೂಢಿ. ಆದರೆ ಗುಟ್ಟಿಗೂ ಮಿತಿ ಇದೆ. ನಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ 2012ರ ಪೋಕ್ಸೋ ಕಾಯ್ದೆಯಂತೆ ತಿಳಿಸಲೇಬೇಕು. ಒಪ್ಪಿಗೆ ಪತ್ರದಲ್ಲಿ ಇದೆಲ್ಲ ಬರೆದಿರಬೇಕು. ಓದದೆ ಸಹಿ ಹಾಕಬೇಡಿ. ಅದರಲ್ಲೇ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹೆಸರು ಕೇಳುತ್ತಾರೆ. ಗಂಡನದ್ದೇ ಕೊಡಬೇಕು ಅಂತೇನಿಲ್ಲ.

ರಾತ್ರಿ ಎರಡಕ್ಕೆ ಎದೆ ಡವಡವ ಅಂದರೆ ಥೆರಪಿಸ್ಟ್ ಫೋನ್ ಎತ್ತುವುದಿಲ್ಲ, ಹೆಚ್ಚಿನವರು ಎತ್ತುವ ವ್ಯವಸ್ಥೆ ಇಟ್ಟುಕೊಂಡಿರುವುದಿಲ್ಲ. ಅದಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416, ದಿನದ 24 ಗಂಟೆ, ಉಚಿತ. ಕನ್ನಡದಲ್ಲೂ ಮಾತಾಡಬಹುದು.

ಈಗಿನವರಿಗಿಂತ ಮೊದಲು ನಾನು ಇನ್ನೊಬ್ಬರ ಹತ್ತಿರ ಹೋಗಿದ್ದೆ. ಮೊದಲ ದಿನವೇ ಅವರು ಮದುವೆಯಾಗಿ ಎಷ್ಟು ವರ್ಷವಾಯಿತು ಅಂತ ಕೇಳಿ, "ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ" ಅಂದರು. ಇದನ್ನು ನಮ್ಮ ಅತ್ತೆ ಬಿಟ್ಟಿಯಾಗಿ ಹೇಳುತ್ತಾರೆ. ಮುಂದಿನ ಬುಧವಾರಕ್ಕೆ ಹೊತ್ತು ಗೊತ್ತಾಗಿತ್ತು. "ನನಗೆ ಇದು ಹೊಂದುತ್ತಿಲ್ಲ, ಬುಧವಾರ ಬರುವುದಿಲ್ಲ" ಅಂತ ಎರಡು ಸಾಲಿನ ಮೆಸೇಜ್ ಹಾಕಿದೆ, 24 ಗಂಟೆಗೂ ಮೊದಲೇ. ಫೀಸು ಉಳಿಯಿತು. ಅದೇ ಬುಧವಾರ ಮುಲುಂಡ್‌ಗೆ ಫೋನ್ ಮಾಡಿದೆ.