ಕ್ರಾಮ್‌ಫರ್ಡ್ ಗಿರಣಿಯ ಹಳದಿ ಕಿಟಕಿಗಳು

ಇಂಗ್ಲೆಂಡಿನ ಡರ್ಬಿಯಿಂದ ಮ್ಯಾಟ್‌ಲಾಕ್ ಕಡೆಗೆ ಹೋಗುವ ರೈಲು ಡರ್ವೆಂಟ್ ನದಿಯನ್ನು ಮತ್ತೆ ಮತ್ತೆ ದಾಟುತ್ತದೆ. ಕ್ರಾಮ್‌ಫರ್ಡ್ ನಿಲ್ದಾಣದಲ್ಲಿ ಇಳಿದಾಗ ನಮ್ಮೊಂದಿಗಿದ್ದ ಹನ್ನೊಂದು ಮಕ್ಕಳ ಚೀಲಗಳಲ್ಲಿ ಊಟಕ್ಕಿಂತ ಹೆಚ್ಚಾಗಿ ಹಾಳೆ, ಇದ್ದಿಲ ಕಡ್ಡಿ, ಅಂಟುಗಳೇ ತುಂಬಿದ್ದವು. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಆರಂಭಿಸಿದ, ನೀರಿನ ಬಲದಿಂದ ಹತ್ತಿ ನೂಲುತ್ತಿದ್ದ ಗಿರಣಿಯನ್ನು ನೋಡಿ, ಕಂಡದ್ದನ್ನು ಅಲ್ಲಿಯೇ ಕುಳಿತು ಚಿತ್ರಿಸುವುದು ನಮ್ಮ ಉದ್ದೇಶವಾಗಿತ್ತು.

ರಸ್ತೆಯ ಬದಿಯ ಎತ್ತರದ ಕಲ್ಲುಗೋಡೆಯ ಕೆಳಭಾಗದಲ್ಲಿ ಕಿಟಕಿಗಳಿಲ್ಲದ್ದನ್ನು ಕಂಡು ಒಬ್ಬ ಹುಡುಗ ಇದು ಕೋಟೆಯೇ ಎಂದು ಕೇಳಿದ. ಪ್ರಶ್ನೆ ತಪ್ಪಾಗಿರಲಿಲ್ಲ, ಯಂತ್ರಗಳಿಂದ ಕೆಲಸ ಹೋಗುತ್ತದೆಂದು ಸಿಟ್ಟಿಗೆದ್ದ ಜನರು 1779ರಲ್ಲಿ ಲ್ಯಾಂಕಶೈರಿನಲ್ಲಿದ್ದ ಆರ್ಕ್‌ರೈಟನ ಇನ್ನೊಂದು ಗಿರಣಿಯನ್ನು ಧ್ವಂಸ ಮಾಡಿದ್ದರು. ಆ ಒರಟು ಗೋಡೆಗೆ ಹಾಳೆಯನ್ನು ಒತ್ತಿ ಹಿಡಿದು ಇದ್ದಿಲು ಉಜ್ಜಿದಾಗ ಕಲ್ಲಿನ ಮೈಯೇ ಕಾಗದಕ್ಕೆ ಇಳಿಯಿತು. ಮೊದಲ ಕಟ್ಟಡದ ಮೇಲಿನ ಎರಡು ಅಂತಸ್ತುಗಳು 1929ರ ಬೆಂಕಿಯಲ್ಲಿ ಹೋದವೆಂದು ತಿಳಿದ ಮೇಲೆ, ಇಬ್ಬರು ಅವನ್ನು ಚುಕ್ಕಿಗೆರೆಗಳಲ್ಲಿ ಮತ್ತೆ ಕಟ್ಟಿದರು.

ನೂಲುವ ಕ್ರಮವನ್ನು ಮಾತಿನಲ್ಲಿ ವಿವರಿಸಲು ನಾನು ಸೋತೆ. ಕೊನೆಗೆ ಪ್ರತಿಯೊಬ್ಬರಿಗೂ ನೂಲಲು ಸಿದ್ಧಪಡಿಸಿದ ಹತ್ತಿಯ ಒಂದು ಹಂಜಿ ಕೊಟ್ಟು ಮೆಲ್ಲಗೆ ಎಳೆಯಲು ಹೇಳಿದೆವು. ಒಂದಕ್ಕಿಂತ ಇನ್ನೊಂದು ವೇಗವಾಗಿ ತಿರುಗುವ ಉರುಳೆಗಳ ಜೋಡಿಗಳು ಹಂಜಿಯನ್ನು ಎಳೆದು ತೆಳುವಾಗಿಸುತ್ತಿದ್ದವು, ಆಮೇಲೆ ಕದಿರು ಅದಕ್ಕೆ ಹುರಿ ಕೊಡುತ್ತಿತ್ತು ಎಂಬುದು ಬೆರಳುಗಳಿಗೆ ಬೇಗ ಅರ್ಥವಾಯಿತು. ತುಂಡಾದ ಎಳೆಗಳೆಲ್ಲ ಚಿತ್ರಗಳಲ್ಲಿ ಹರಿಯುವ ನೀರಾದವು.

ಡರ್ಬಿಯ ಚಿತ್ರಕಾರ ಜೋಸೆಫ್ ರೈಟ್ ಸುಮಾರು 1782–83ರಲ್ಲಿ ಇದೇ ಗಿರಣಿಗಳನ್ನು ಬೆಳದಿಂಗಳಲ್ಲಿ, ಸಾಲು ಸಾಲು ಕಿಟಕಿಗಳು ಬೆಳಗುತ್ತಿರುವಂತೆ ಚಿತ್ರಿಸಿದ್ದಾನೆ. ಅದರ ಪ್ರತಿಯನ್ನು ನೋಡಿದ ಮಕ್ಕಳು ಅದನ್ನು ಮೊದಲು ಹಬ್ಬದ ದೀಪಾಲಂಕಾರವೆಂದೇ ಭಾವಿಸಿದರು. ಅದು ರಾತ್ರಿಪಾಳಿಯ ಬೆಳಕೆಂದೂ, ಕೆಲಸಗಾರರಲ್ಲಿ ಬಹಳಷ್ಟು ಮಂದಿ ಮಕ್ಕಳೇ ಆಗಿದ್ದರೆಂದೂ ಹೇಳಿದಾಗ ಗದ್ದಲ ನಿಂತಿತು. ನನಗೆ ಆ ಚಿತ್ರದ ಸೊಬಗಿನ ಬಗ್ಗೆ ಮೊದಲಿನಿಂದಲೂ ಸ್ವಲ್ಪ ಅನುಮಾನವೇ. ದೂರದಿಂದ ನೋಡಿದರೆ ದಣಿವೂ ಚೆಂದ ಕಾಣುತ್ತದೆ.

ಮಕ್ಕಳು ಕಪ್ಪು ಹಾಳೆಯಲ್ಲಿ ಕಿಟಕಿಗಳನ್ನು ಕತ್ತರಿಸಿ ಹಿಂದೆ ಹಳದಿ ಕಾಗದ ಅಂಟಿಸಿದರು. ಒಬ್ಬ ಹುಡುಗಿ ಒಂದು ಕಿಟಕಿಯನ್ನು ಮಾತ್ರ ಕತ್ತರಿಸದೆ ಬಿಟ್ಟಿದ್ದಳು. ಮರೆತಿರಬೇಕೆಂದು ನಾನು ಕತ್ತರಿ ಚಾಚಿದಾಗ, "ಬೇಡ, ಅಲ್ಲೊಬ್ಬಳು ಮಲಗಿದ್ದಾಳೆ" ಎಂದಳು. ರೈಲಿನಲ್ಲಿ ಹಿಂದಿರುಗುವಾಗಲೂ ಅಂಟು ಒಣಗಿರಲಿಲ್ಲ. ಆ ಹಾಳೆಯನ್ನು ಅವಳು ತೊಡೆಯ ಮೇಲೆ ಸಪಾಟಾಗಿ ಹಿಡಿದುಕೊಂಡೇ ಕುಳಿತಿದ್ದಳು.